ಖಾಲಿ ಇದ್ದಾಗ ಹನ್ನೆರಡು, ಲೋಡ್ ಕೊಟ್ಟರೆ ಒಂಬತ್ತು

ಕೈಯಾರೆ ಕಟ್ಟಿದ ಪವರ್ ಸಪ್ಲೈ ಕೈಕೊಡುವ ಬಗೆ ಹೆಚ್ಚಾಗಿ ಒಂದೇ. ಮಲ್ಟಿಮೀಟರ್ ಹಚ್ಚಿ ನೋಡಿದರೆ 12 ವೋಲ್ಟ್ ಅಚ್ಚುಕಟ್ಟಾಗಿ ಬರುತ್ತದೆ. ಆಂಪ್ಲಿಫೈಯರ್ ಬೋರ್ಡನ್ನೋ ಸಣ್ಣ ಮೋಟಾರನ್ನೋ ಜೋಡಿಸಿದ ಕೂಡಲೇ ಅದು ಹತ್ತಕ್ಕೆ, ಒಂಬತ್ತಕ್ಕೆ ಇಳಿಯುತ್ತದೆ. ಸ್ಪೀಕರು ಗುಂಯ್ ಎನ್ನತೊಡಗುತ್ತದೆ. ಯಾದಗಿರಿಯ ಐಟಿಐ ಹುಡುಗನಿರಲಿ, ಶಹಾಪುರದ ರಿಪೇರಿ ಅಂಗಡಿಯಲ್ಲಿ ಕೆಲಸ ಕಲಿಯುತ್ತಿರುವವನಿರಲಿ, ಸುರಪುರದ ಹೈಸ್ಕೂಲಿನಲ್ಲಿ ವಿಜ್ಞಾನ ವಸ್ತುಪ್ರದರ್ಶನಕ್ಕೆ ಮಾದರಿ ತಯಾರಿಸುವ ಹುಡುಗಿಯಿರಲಿ, ಆಗ ಮೊದಲು ಕೈಹಾಕುವುದು 7812 ಎಂಬ ರೆಗ್ಯುಲೇಟರ್ ಐಸಿಗೆ. ಹಳೆಯದನ್ನು ಕಿತ್ತು ಹೊಸದನ್ನು ಬೆಸೆಯುತ್ತಾರೆ. ಮತ್ತೆ ಅದೇ ಒಂಬತ್ತು. ‘ಡೂಪ್ಲಿಕೇಟ್ ಐಸಿ ಕೊಟ್ಟಾರ’ ಎಂದು ಅಂಗಡಿಯವನ ಮೇಲೆ ಸಿಟ್ಟು.

ಐಸಿ ಕೆಟ್ಟಿರುವುದು ಅಪರೂಪ. ಅದಕ್ಕೆ ಬೇಕಾದಷ್ಟು ವೋಲ್ಟೇಜ್ ಹಿಂದಿನಿಂದ ಬರುತ್ತಿರುವುದಿಲ್ಲ, ಅಷ್ಟೆ. ಎಲ್ಲಿಂದ ಬರುತ್ತಿಲ್ಲ ಎಂದು ಹುಡುಕುತ್ತ ಹೋದರೆ ಐಸಿಯಿಂದ ಕಂಡೆನ್ಸರ್, ಅಲ್ಲಿಂದ ಡಯೋಡ್, ಟ್ರಾನ್ಸ್‌ಫಾರ್ಮರ್, ಕೊನೆಗೆ ಗೋಡೆಯ ಸಾಕೆಟ್ಟು, ಅದರಾಚೆ ಬೀದಿಯ ಕಂಬದ ತನಕ ಹೋಗಬೇಕಾಗುತ್ತದೆ. ನಮ್ಮ ಭಾಗದಲ್ಲಿ ಈ ಹುಡುಕಾಟವನ್ನು ಉಲ್ಟಾ ದಿಕ್ಕಿನಿಂದ, ಅಂದರೆ ಗೋಡೆಯಿಂದಲೇ ಶುರುಮಾಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅದೂ ಸಂಜೆ ಹೊತ್ತಿನಲ್ಲಿ, ಲೋಡ್ ಜೋಡಿಸಿಯೇ. ಪುಸ್ತಕದ ಸರ್ಕ್ಯೂಟುಗಳನ್ನೆಲ್ಲ 230 ವೋಲ್ಟ್ ಸ್ಥಿರವಾಗಿ ಬರುತ್ತದೆ, ಕೋಣೆಯಲ್ಲಿ 25 ಡಿಗ್ರಿ ಸೆಖೆ ಇದೆ ಎಂದು ಭಾವಿಸಿ ಬರೆದಿರುತ್ತಾರೆ. ಮೇ ತಿಂಗಳ ಯಾದಗಿರಿಯಲ್ಲಿ ಈ ಎರಡರಲ್ಲಿ ಒಂದೂ ನಿಜವಲ್ಲ.

ಗೋಡೆಯಿಂದಲೇ ನೋಡೋಣ. ಹಿಂದೆ ಸುರಪುರ ತಾಲೂಕಿನಲ್ಲಿದ್ದು ಈಗ ಹುಣಸಗಿಗೆ ಸೇರಿದ ನಾರಾಯಣಪುರದಲ್ಲಿ ಕೃಷ್ಣೆಗೆ ಬಸವಸಾಗರ ಅಣೆಕಟ್ಟು ಕಟ್ಟಿದ ಮೇಲೆ, ಎಡದಂಡೆ ಕಾಲುವೆ ಮತ್ತು ಶಹಾಪುರ ಶಾಖಾ ಕಾಲುವೆಯ ನೀರು ಹರಿದು, ಜೋಳ-ತೊಗರಿಯ ಎರೆಹೊಲಗಳು ಭತ್ತದ ಗದ್ದೆಗಳಾದವು. ಅದರ ಜೊತೆಗೇ ಪಂಪ್‌ಸೆಟ್ಟುಗಳೂ ಬಂದವು. ಕಾಲುವೆಯ ಕೊನೆ ಭಾಗದ ರೈತರ ಗೋಳು ಈ ಸೀಮೆಯವರಿಗೆಲ್ಲ ಗೊತ್ತು: ತೂಬಿನಲ್ಲಿ ನೀರು ಬಿಟ್ಟಿರುತ್ತಾರೆ, ಮೇಲಿನವರೆಲ್ಲ ಹರಿಸಿಕೊಂಡ ಮೇಲೆ ಕೆಳಗಿನವನ ಹೊಲಕ್ಕೆ ತಲುಪುವುದು ಸಣ್ಣ ಧಾರೆ. ವಿದ್ಯುತ್ ಲೈನಿನ ಕೊನೆಯ ಮನೆಯ ಕತೆಯೂ ಹೀಗೆಯೇ. ಕೃಷ್ಣೆಯ ದಂಡೆಯ ಮೇಲೆ ನಮ್ಮ ಮಗ್ಗುಲಲ್ಲೇ ಇರುವ ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ ಎಷ್ಟು ಮೆಗಾವಾಟ್ ತಯಾರಾದರೂ, ಟಿ.ಸಿ.ಯಿಂದ, ಅಂದರೆ ಬೀದಿಯ ಟ್ರಾನ್ಸ್‌ಫಾರ್ಮರಿನಿಂದ, ಮನೆಗೆ ಬರುವ ಕಡೆಯ ಒಂದು ಕಿಲೋಮೀಟರ್ ತಂತಿ ತನ್ನ ಪಾಲನ್ನು ತಿಂದೇ ತಿನ್ನುತ್ತದೆ.

ಎಷ್ಟು ತಿನ್ನುತ್ತದೆ ಎಂದು ಲೆಕ್ಕ ಹಾಕಬಹುದು. ಹಳ್ಳಿಯ ಲೈನುಗಳಿಗೆ ಬಳಸುವ ಅಲ್ಯೂಮಿನಿಯಂ ತಂತಿಗಳಲ್ಲಿ ಲೈನ್‌ಮನ್‌ಗಳು ‘ವೀಸಲ್’ ಎನ್ನುವುದೊಂದಿದೆ. ಅದರ ರೋಧ ಕಿಲೋಮೀಟರಿಗೆ ಸುಮಾರು 0.9 ಓಮ್. ಸಿಂಗಲ್ ಫೇಸಿನಲ್ಲಿ ಕರೆಂಟು ಹೋಗಲು ಒಂದು ತಂತಿ, ಬರಲು ಒಂದು, ಒಟ್ಟು 1.8 ಓಮ್. ಆ ಲೈನಿನ ತುದಿಯಲ್ಲಿ 20 ಆಂಪಿಯರ್ ಎಳೆದರೆ 36 ವೋಲ್ಟ್ ದಾರಿಯಲ್ಲೇ ಕಳೆಯಿತು. ಟಿ.ಸಿ. ಹತ್ತಿರ 230 ಇದ್ದದ್ದು ಮನೆ ಮುಟ್ಟುವಷ್ಟರಲ್ಲಿ 194. ‘ಕರೆಂಟ್ ಡಿಮ್ ಅದ’ ಎನ್ನುತ್ತಾರಲ್ಲ, ಅದು ಇದೇ. ಮನೆಮನೆಯ ಟಿವಿ, ಫ್ಯಾನು, ಗಿರಣಿ, ಕಂಡೆನ್ಸರ್ ಹಾಕಿ ಸಿಂಗಲ್ ಫೇಸಿನಲ್ಲಿ ಓಡಿಸುವ ಮೋಟಾರು ಎಲ್ಲ ಒಟ್ಟಿಗೆ ಎಳೆಯುವ ಹೊತ್ತಿನಲ್ಲಿ 20 ಆಂಪಿಯರ್ ದೊಡ್ಡ ಮಾತೇನಲ್ಲ. 1956ರ ಭಾರತೀಯ ವಿದ್ಯುತ್ ನಿಯಮಗಳು ಮನೆಯ ವೋಲ್ಟೇಜು ಹೆಚ್ಚೆಂದರೆ ಶೇ. 6ರಷ್ಟು ಆಚೀಚೆ ಆಗಬಹುದು ಎಂದಿದ್ದವು. 230ಕ್ಕೆ ಅದು 216ರಿಂದ 244. ನಾವು ಕಟ್ಟುವ ಸಪ್ಲೈ ಆ ಗೆರೆಯ ಕೆಳಗೂ ಕೆಲಸ ಮಾಡಬೇಕು.

ಈಗ ಟ್ರಾನ್ಸ್‌ಫಾರ್ಮರಿಗೆ ಬರೋಣ. ಅಂಗಡಿಯಲ್ಲಿ ಕೇಳುವುದು ಹೀಗೆ: ‘12 ವೋಲ್ಟಿನ ಸಪ್ಲೈ ಮಾಡಬೇಕು, 12 ವೋಲ್ಟಿನ ಒಂದು ಆಂಪ್ ಟ್ರಾನ್ಸ್‌ಫಾರ್ಮರ್ ಕೊಡಿ.’ ಅರ್ಧ ತೊಂದರೆ ಇಲ್ಲೇ ಹುಟ್ಟುತ್ತದೆ. 7812 ತನ್ನ ಬಾಯಿಯಲ್ಲಿ 12 ವೋಲ್ಟ್ ಕೊಡಬೇಕಾದರೆ ಅದರ ಹಿಂದೆ ಯಾವ ಕ್ಷಣದಲ್ಲೂ 14ಕ್ಕಿಂತ ಕಡಿಮೆ ಇರಬಾರದು. ಸುಮಾರು 2 ವೋಲ್ಟ್ ಅದರ ಸ್ವಂತ ಖರ್ಚು. ‘ಯಾವ ಕ್ಷಣದಲ್ಲೂ’ ಎಂಬ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಟ್ರಾನ್ಸ್‌ಫಾರ್ಮರಿನ 12 ವೋಲ್ಟ್ ಎಸಿಯ ಶಿಖರ 1.414 ಪಟ್ಟು, ಅಂದರೆ ಸುಮಾರು 17. ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡಿನ ಬ್ರಿಜ್‌ನಲ್ಲಿ ಒಂದು ಸಲಕ್ಕೆ ಎರಡು ಡಯೋಡ್ ದಾಟಬೇಕಾದ್ದರಿಂದ ಅಲ್ಲಿ ಒಂದೂವರೆ ವೋಲ್ಟ್ ಹೋಯಿತು. ಉಳಿದದ್ದು 15.5. ಬೇಕಾದ 14ಕ್ಕೂ ಇರುವ 15.5ಕ್ಕೂ ನಡುವಿನ ಒಂದೂವರೆ ವೋಲ್ಟೇ ನಮ್ಮ ಕೈಯಲ್ಲಿರುವ ಒಟ್ಟು ಅವಕಾಶ. ಕಂಡೆನ್ಸರಿನ ಏರಿಳಿತ, ತಂತಿಯ ನಷ್ಟ, ಟ್ರಾನ್ಸ್‌ಫಾರ್ಮರಿನ ಬಳಲಿಕೆ ಎಲ್ಲ ಇಷ್ಟರೊಳಗೇ ನೀಗಬೇಕು.

ಇದು ಗೋಡೆಯಲ್ಲಿ 230 ಇದ್ದಾಗಿನ ಮಾತು. 200ಕ್ಕೆ ಇಳಿದರೆ 12 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಕೊಡುವುದು 10.4, ಅದರ ಶಿಖರ 14.7, ಡಯೋಡು ಕಳೆದರೆ 13.2. ಲೆಕ್ಕ ಇಲ್ಲಿಗೇ ಮುಗಿಯಿತು. ಕಂಡೆನ್ಸರ್ ಎಷ್ಟು ದೊಡ್ಡದಿದ್ದರೂ, ಐಸಿ ಎಷ್ಟು ಅಸಲಿಯಾಗಿದ್ದರೂ 12 ವೋಲ್ಟ್ ಬರುವುದು ಸಾಧ್ಯವೇ ಇಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೋ ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಯಿಂದಲೋ ತರಿಸಿದ ಐಸಿಯನ್ನು ಈ ಹುಡುಗರು ಕಸದ ಬುಟ್ಟಿಗೆ ಎಸೆಯುವಾಗ ನನಗೆ ನಿಜಕ್ಕೂ ನೋವಾಗುತ್ತದೆ. ಆ ಐಸಿ ಏನೂ ತಪ್ಪು ಮಾಡಿರುವುದಿಲ್ಲ.

ಹಾಗಾದರೆ ಲೋಡ್ ಇಲ್ಲದಾಗ ಮಾತ್ರ 12 ಸರಿಯಾಗಿ ಬರುವುದು ಹೇಗೆ? ಸಣ್ಣ ಟ್ರಾನ್ಸ್‌ಫಾರ್ಮರುಗಳ ಗುಣವೇ ಅದು. 12 ವೋಲ್ಟ್ ಎಂದು ಬರೆದದ್ದು ಪೂರ್ತಿ ಲೋಡ್ ಇದ್ದಾಗಿನ ಅಂಕಿ. ಖಾಲಿ ಇದ್ದಾಗ ಅದೇ ಟ್ರಾನ್ಸ್‌ಫಾರ್ಮರ್ 14, ಕೆಲವು ಸಲ ಹದಿನಾಲ್ಕೂವರೆ ತೋರಿಸುತ್ತದೆ. ಅದರ ಶಿಖರ 20ರ ಆಸುಪಾಸು. ಕಂಡೆನ್ಸರ್ ತುಂಬಿಕೊಂಡು ಸುಮಾರು 19ರಲ್ಲಿ ನಿಂತಿರುತ್ತದೆ. ಯಾರೂ ಎಳೆಯುತ್ತಿಲ್ಲವಾದ್ದರಿಂದ ಇಳಿಯುವುದೂ ಇಲ್ಲ. ಹೀಗಾಗಿ ಖಾಲಿ ಸಪ್ಲೈಯ ಬಾಯಿಗೆ ಮೀಟರ್ ಹಿಡಿದರೆ ಸಿಗುವ 12, ತಂತಿಗಳು ಸರಿಯಾದ ಜಾಗಕ್ಕೆ ಸೇರಿವೆ ಎಂಬುದಕ್ಕಷ್ಟೇ ಸಾಕ್ಷಿ.

ಟ್ರಾನ್ಸ್‌ಫಾರ್ಮರಿನ ಮೇಲೆ ಬರೆದ ‘ಒಂದು ಆಂಪ್’ ಕೂಡ ದಾರಿ ತಪ್ಪಿಸುತ್ತದೆ. ಆ ಅಂಕಿ ಎಸಿ ಕರೆಂಟಿನದು. ಬ್ರಿಜ್ ಮತ್ತು ಕಂಡೆನ್ಸರ್ ಹಾಕಿ ಡಿಸಿ ತೆಗೆಯುವಾಗ ಟ್ರಾನ್ಸ್‌ಫಾರ್ಮರಿನಿಂದ ಕರೆಂಟು ಒಂದೇ ಸಮನೆ ಹರಿಯುವುದಿಲ್ಲ. ಎಸಿಯ ಅಲೆ ಶಿಖರ ಮುಟ್ಟುವ ಒಂದು ಚಿಕ್ಕ ಅವಧಿಯಲ್ಲಿ ಮಾತ್ರ ಡಯೋಡು ತೆರೆದುಕೊಳ್ಳುತ್ತದೆ. ಮಿಕ್ಕ ಹೊತ್ತಿನ ಖರ್ಚನ್ನೆಲ್ಲ ಕಂಡೆನ್ಸರ್ ಆ ಚೂರು ಸಮಯದಲ್ಲೇ ತುಂಬಿಕೊಳ್ಳಬೇಕು. ನಾವು ಹೊರಗೆ ಎಳೆಯುವುದು ಒಂದು ಆಂಪಾದರೂ ಆ ಕ್ಷಣಕ್ಕೆ ಸುರುಳಿಯಲ್ಲಿ ಮೂರು-ನಾಲ್ಕು ಆಂಪ್ ಧುಮ್ಮಿಕ್ಕುತ್ತದೆ. ಸುರುಳಿಯ ತಂತಿಗೆ ಒಂದು ಓಮ್ ರೋಧವಿದ್ದರೆ ನಷ್ಟವಾಗುವುದು ಒಂದು ವೋಲ್ಟಲ್ಲ, ಮೂರು-ನಾಲ್ಕು ವೋಲ್ಟ್. ಅದೂ ನಮಗೆ ಅತ್ಯಂತ ಬೇಕಾದ ಶಿಖರದ ಜಾಗದಲ್ಲೇ. ಟ್ರಾನ್ಸ್‌ಫಾರ್ಮರ್ ಬಿಸಿಯಾಗುವುದೂ ಇದರಿಂದಲೇ. ಬಳಕೆಯಲ್ಲಿರುವ ಲೆಕ್ಕ ಏನೆಂದರೆ, ಟ್ರಾನ್ಸ್‌ಫಾರ್ಮರಿನ ಎಸಿ ಆಂಪಿನ ಶೇ. 60ರಷ್ಟನ್ನು ಮಾತ್ರ ಡಿಸಿಯಾಗಿ ನಂಬಬಹುದು. ಒಂದು ಆಂಪ್ ಡಿಸಿ ಬೇಕಿದ್ದರೆ 1.7 ಆಂಪಿನದೋ, ಸುಲಭಕ್ಕೆ ಸಿಗುವ 2 ಆಂಪಿನದೋ ಟ್ರಾನ್ಸ್‌ಫಾರ್ಮರ್ ಕೊಳ್ಳಬೇಕು. ತೂಕ ನೋಡಿ ಕೊಂಡರೂ ತಪ್ಪಿಲ್ಲ. ಒಂದೇ ಅಂಕಿ ಬರೆದ ಎರಡರಲ್ಲಿ ಭಾರವಾದದ್ದರಲ್ಲಿ ಕಬ್ಬಿಣವೂ ತಾಮ್ರವೂ ಹೆಚ್ಚಿರುತ್ತವೆ.

ಕಂಡೆನ್ಸರಿನ ವಿಷಯ ಇನ್ನಷ್ಟು ನಿಧಾನವಾಗಿ ನೋಡಬೇಕಾದ್ದು. ನಮ್ಮ ಎಸಿ ಸೆಕೆಂಡಿಗೆ 50 ಸುತ್ತು; ಬ್ರಿಜ್ ಎರಡೂ ಅರ್ಧಗಳನ್ನು ಬಳಸುವುದರಿಂದ ಕಂಡೆನ್ಸರ್ ತುಂಬುವುದು ಸೆಕೆಂಡಿಗೆ 100 ಸಲ. ಎರಡು ತುಂಬುವಿಕೆಗಳ ನಡುವೆ 10 ಮಿಲಿಸೆಕೆಂಡ್. ಅಷ್ಟು ಹೊತ್ತು ಕಂಡೆನ್ಸರ್ ಒಂದೇ ಎಲ್ಲ ಕರೆಂಟು ಕೊಡಬೇಕು, ಕೊಡುತ್ತ ಅದರ ವೋಲ್ಟೇಜು ಇಳಿಯುತ್ತದೆ. ಎಷ್ಟು ಇಳಿಯುತ್ತದೆ ಎಂಬುದು ಸರಳ ಭಾಗಾಕಾರ: ಆಂಪಿಯರನ್ನು ಸಮಯದಿಂದ ಗುಣಿಸಿ ಫ್ಯಾರಡ್‌ನಿಂದ ಭಾಗಿಸಿ. ಒಂದು ಆಂಪಿಗೆ, ಅಂಗಡಿಯಲ್ಲಿ ‘ಸಾವಿರ ಎಂಎಫ್‌ಡಿ’ ಎಂದು ಕೇಳಿ ತರುವ 1000 ಮೈಕ್ರೊಫ್ಯಾರಡ್ ಕಂಡೆನ್ಸರ್ ಹಾಕಿದರೆ ಉತ್ತರ 10 ವೋಲ್ಟ್! ಡಯೋಡು ತೆರೆದಿರುವ ಅವಧಿಯನ್ನು ಕಳೆದು ನೋಡಿದರೂ ಏಳೆಂಟು ವೋಲ್ಟಿನ ಕುಸಿತ. 15.5ರಿಂದ ಹೊರಟದ್ದು ಪ್ರತಿ ಸಲ ಎಂಟಕ್ಕೆ ಬಿದ್ದು ಮತ್ತೆ ಏಳುತ್ತಿದೆ, ಸೆಕೆಂಡಿಗೆ ನೂರು ಬಾರಿ. ಸ್ಪೀಕರಿನ ಗುಂಯ್ ಎಂಬ ಸದ್ದು ಇದೇ ಬಿದ್ದೇಳುವಿಕೆ. 4700 ಎಂಎಫ್‌ಡಿ ಹಾಕಿದರೆ ಅದೇ ಒಂದು ಆಂಪಿಗೆ ಕುಸಿತ ಎರಡು ವೋಲ್ಟಿನ ಆಸುಪಾಸಿಗೆ ಬರುತ್ತದೆ.

ಮೀಟರು ಇದನ್ನು ತೋರಿಸುವುದಿಲ್ಲ. ಡಿಸಿಯಲ್ಲಿ ಇಟ್ಟ ಮಲ್ಟಿಮೀಟರ್ ಹೇಳುವುದು ಸರಾಸರಿಯನ್ನು. ಏರು 17, ಇಳಿವು 13 ಇದ್ದರೆ ಅದು 15 ಎನ್ನುತ್ತದೆ. ‘ಹಿಂದೆ 15 ಇದೆ, ಮುಂದೆ 11 ಬರುತ್ತಿದೆ, ಹಾಗಾದರೆ ಐಸಿ ಕೆಟ್ಟಿದೆ’ ಎಂಬ ತಪ್ಪು ತೀರ್ಮಾನಕ್ಕೆ ಇದೇ ಕಾರಣ. ಆಸಿಲೋಸ್ಕೋಪು ಇದ್ದವರು ಅಲೆಯನ್ನೇ ನೋಡಬಹುದು. ಇಲ್ಲದವರಿಗೂ ಒಂದು ದಾರಿ ಇದೆ. ಲೋಡ್ ಉರಿಯುತ್ತಿರುವಾಗಲೇ ಮೀಟರನ್ನು ಎಸಿಗೆ ತಿರುಗಿಸಿ, ಅದರ ಕೆಂಪು ತಂತಿಗೆ ಒಂದು ಮೈಕ್ರೊಫ್ಯಾರಡ್‌ನ, ಪ್ಲಸ್-ಮೈನಸ್ ಇಲ್ಲದ ಕಂಡೆನ್ಸರನ್ನು ಸರಣಿಯಲ್ಲಿ ಸೇರಿಸಿ, ದೊಡ್ಡ ಕಂಡೆನ್ಸರಿನ ಎರಡು ಕಾಲಿಗೆ ಹಿಡಿಯಿರಿ. ಅಗ್ಗದ ಮೀಟರುಗಳಲ್ಲಿ ಡಿಸಿಯೂ ನುಸುಳಿ ಸುಳ್ಳು ಅಂಕಿ ಬರುತ್ತದೆ, ಆ ಸಣ್ಣ ಕಂಡೆನ್ಸರ್ ಅದನ್ನು ತಡೆಯುತ್ತದೆ. ಬಂದ ಅಂಕಿಯನ್ನು ಮೂರೂವರೆಯಿಂದ ಗುಣಿಸಿದರೆ ಏರು-ಇಳಿವಿನ ಅಂತರ ಹತ್ತಿರಹತ್ತಿರ ಸಿಗುತ್ತದೆ. ಮೀಟರ್ ಎಸಿಯಲ್ಲಿ 1.2 ತೋರಿಸಿದರೆ ಅಂತರ 4.2, ಡಿಸಿ ಸರಾಸರಿ 15 ಇದ್ದರೆ ತಳ 12.9. ಅಲ್ಲಿಗೆ 7812 ಪ್ರತಿ ಸುತ್ತಿನಲ್ಲೂ ಸ್ವಲ್ಪ ಹೊತ್ತು ಉಪವಾಸ ಬೀಳುತ್ತಿದೆ ಎಂಬುದು ಖಾತ್ರಿಯಾಯಿತು.

ಕಂಡೆನ್ಸರ್ ಹಳತಾದರೂ ಇದೇ ಲಕ್ಷಣ. ಎಲೆಕ್ಟ್ರೊಲಿಟಿಕ್ ಕಂಡೆನ್ಸರಿನ ಒಳಗಿನ ದ್ರವ ಬಿಸಿಗೆ ಆರುತ್ತ ಹೋಗುತ್ತದೆ. ಪ್ರತಿ 10 ಡಿಗ್ರಿ ಹೆಚ್ಚಿಗೆ ಅದರ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ ಎಂಬುದು ಒಪ್ಪಿತ ಲೆಕ್ಕ. ತಗಡಿನ ಚಾವಣಿಯ ಅಂಗಡಿಯಲ್ಲಿ, ಗಾಳಿಯಾಡದ ಪೆಟ್ಟಿಗೆಯಲ್ಲಿ, ಹೀಟ್‌ಸಿಂಕಿಗೆ ಅಂಟಿಕೊಂಡಂತೆ ಕೂರಿಸಿದ ಕಂಡೆನ್ಸರ್ ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಬಳಲಿರುತ್ತದೆ. ತಲೆ ಉಬ್ಬಿದ್ದರೆ ನೋಡಿದ ಕೂಡಲೇ ತಿಳಿಯುತ್ತದೆ, ಉಬ್ಬದೆಯೂ ಕೆಟ್ಟಿರಬಹುದು. ಪರೀಕ್ಷೆಗೆ, ಸಪ್ಲೈ ಆರಿಸಿ ಅದೇ ಮೌಲ್ಯದ ಒಳ್ಳೆಯ ಕಂಡೆನ್ಸರೊಂದನ್ನು ಪ್ಲಸ್-ಮೈನಸ್ ನೋಡಿಕೊಂಡು ಜೊತೆಗೆ ಕಟ್ಟಿ ಮತ್ತೆ ಹಚ್ಚಿ. ವೋಲ್ಟೇಜು ಏರಿದರೆ ಹಳೆಯದಕ್ಕೆ ಬಿಡುಗಡೆ ಕೊಡಿ. ಹೊಸದು ಕೊಳ್ಳುವಾಗ ಮೈಮೇಲೆ 85 ಡಿಗ್ರಿ ಎಂದಿರುವುದನ್ನು ಬಿಟ್ಟು 105 ಡಿಗ್ರಿಯದನ್ನೇ ಕೇಳಿ ತೆಗೆದುಕೊಳ್ಳಿ. ನಮ್ಮ ಹವೆಗೆ ಅದೇ ತಕ್ಕದ್ದು.

ಡಯೋಡಿನ ಮಾತು ಬೇಗ ಮುಗಿಯುವಂಥದ್ದು. ಬ್ರಿಜ್‌ನ ನಾಲ್ಕರಲ್ಲಿ ಒಂದರ ಬೆಸುಗೆ ಬಿಟ್ಟಿದ್ದರೂ ಖಾಲಿ ವೋಲ್ಟೇಜು ಸರಿಯಾಗಿಯೇ ಇರುತ್ತದೆ. ಆದರೆ ಕಂಡೆನ್ಸರ್ ತುಂಬುವುದು ನೂರರ ಬದಲು ಐವತ್ತೇ ಸಲ ಆಗುವುದರಿಂದ ಕುಸಿತ ಎರಡರಷ್ಟಾಗುತ್ತದೆ. ಕಿವಿಗೇ ಗೊತ್ತಾಗುತ್ತದೆ: ಗುಂಯ್ ಸದ್ದಿನ ಶ್ರುತಿ ಅರ್ಧಕ್ಕೆ ಇಳಿದು ದಪ್ಪಗಾಗಿರುತ್ತದೆ. ಮೀಟರಿನ ಡಯೋಡ್ ಗುರುತಿನಲ್ಲಿ ಇಟ್ಟು ನಾಲ್ಕನ್ನೂ ಎರಡೂ ದಿಕ್ಕಿನಲ್ಲಿ ನೋಡಿ. ಒಂದು ಆಂಪಿನ 1ಎನ್4007 ಬದಲು ಮೂರು ಆಂಪಿನ 1ಎನ್5408 ಹಾಕುವುದು ಕ್ಷೇಮ. ಅಲ್ಪ ವೋಲ್ಟೇಜಿನ ಊರಿನವರು 1ಎನ್5822 ಎಂಬ ಶಾಟ್ಕಿ ಡಯೋಡು ಹಾಕಿದರೆ ಎರಡು ಡಯೋಡುಗಳಿಂದ ಒಟ್ಟು ಮುಕ್ಕಾಲು ವೋಲ್ಟಿನಷ್ಟು ಉಳಿತಾಯ. ನಮ್ಮ ಒಟ್ಟು ಅವಕಾಶವೇ ಒಂದೂವರೆ ವೋಲ್ಟ್ ಇರುವಾಗ ಮುಕ್ಕಾಲು ಕಡಿಮೆಯೇನಲ್ಲ.

ಇನ್ನು ಬೆಸುಗೆ ಮತ್ತು ತಂತಿ. ಕೂದಲಿನಂಥ ಎಳೆಗಳ, 0.2 ಚದರ ಮಿಲಿಮೀಟರಿನ ತಂತಿಗೆ ಮೀಟರಿಗೆ ಸುಮಾರು 0.09 ಓಮ್. ಹೋಗಿಬರುವ ಎರಡು ಮೀಟರಿಗೆ ಒಂದು ಆಂಪಿನಲ್ಲಿ 0.17 ವೋಲ್ಟ್. ಇದನ್ನು ಸಹಿಸಬಹುದು. ಆದರೆ ಬ್ರೆಡ್‌ಬೋರ್ಡಿನ ಸಡಿಲ ತೂತುಗಳು, ತುಕ್ಕು ಹಿಡಿದ ಕ್ರಾಕೊಡೈಲ್ ಕ್ಲಿಪ್ಪು, ಹಳೆಯ ಸ್ವಿಚ್ಚು, ಮೇಲೆ ಹೊಳೆಯದೆ ಮಸುಕಾಗಿ ಗುಂಡಗೆ ಕೂತ ಡ್ರೈ ಸೋಲ್ಡರು ಸೇರಿ ಒಂದು ಓಮ್ ಆಗುವುದು ಕಷ್ಟವಲ್ಲ. ಓಮ್ ಅಳತೆಯಲ್ಲಿ ಇದು ಸಿಕ್ಕುವುದಿಲ್ಲ, ಮೀಟರ್ ತಂತಿಗಳದೇ ಅಷ್ಟು ರೋಧ ಇರುತ್ತದೆ. ಲೋಡ್ ಉರಿಯುತ್ತಿರುವಾಗ ಮೀಟರನ್ನು ಡಿಸಿ 2 ವೋಲ್ಟಿಗೆ ಇಟ್ಟು, ಒಂದೇ ತಂತಿಯ ಈ ತುದಿಯಿಂದ ಆ ತುದಿಗೆ ಹಿಡಿಯಬೇಕು. ಒಳ್ಳೆಯ ತಂತಿಯಾದರೆ 0.02, 0.05 ಎಂದು ಬರುತ್ತದೆ. ಎಲ್ಲಿ 0.6, 0.8 ಎಂದು ಜಿಗಿಯುತ್ತದೋ ಕಳ್ಳ ಅಲ್ಲೇ ಇದ್ದಾನೆ. ಮೈನಸ್ ಕಡೆಯ ತಂತಿಯನ್ನು ಹೀಗೆ ಪರೀಕ್ಷಿಸುವುದನ್ನು ಬಹಳ ಮಂದಿ ಬಿಡುತ್ತಾರೆ; ದೋಷ ಹೆಚ್ಚಾಗಿ ಅಲ್ಲೇ ಇರುತ್ತದೆ. ರೆಗ್ಯುಲೇಟರಿನ ನಡುಗಾಲು ನೇರವಾಗಿ ದೊಡ್ಡ ಕಂಡೆನ್ಸರಿನ ಮೈನಸ್ಸಿಗೆ ಸೇರಬೇಕು, ಲೋಡಿನ ಮೈನಸ್ಸೂ ಅಲ್ಲಿಂದಲೇ ಹೊರಡಬೇಕು.

ಬಿಸಿಯ ವಿಚಾರವನ್ನು ಬೇರೆಯಾಗಿ ಹೇಳಬೇಕು, ಏಕೆಂದರೆ ಅದರ ಲಕ್ಷಣ ಬೇರೆ. ಲೋಡ್ ಕೊಟ್ಟ ಕ್ಷಣದಲ್ಲೇ ವೋಲ್ಟೇಜು ಬಿದ್ದರೆ ಇಷ್ಟರವರೆಗೆ ಹೇಳಿದ ಕಾರಣಗಳು. ಐದು ನಿಮಿಷ ಸರಿಯಾಗಿದ್ದು ಆಮೇಲೆ ಬಿದ್ದು, ಆರಿಸಿ ಬಿಟ್ಟರೆ ಮತ್ತೆ ಸರಿಹೋದರೆ ಅದು ಬಿಸಿ. 7812 ಮಿತಿಮೀರಿ ಕಾದರೆ ತಾನು ಸುಡದಂತೆ ತಾನೇ ಕರೆಂಟು ತಗ್ಗಿಸುತ್ತದೆ. ಹೀಟ್‌ಸಿಂಕ್ ಇಲ್ಲದ ಆ ಐಸಿ ಒಳಗೆ ಒಂದು ವಾಟ್ ಸುಟ್ಟರೆ ಸುತ್ತಲಿನ ಗಾಳಿಗಿಂತ ಸುಮಾರು 65 ಡಿಗ್ರಿ ಹೆಚ್ಚು ಕಾಯುತ್ತದೆ. ಅದರ ಒಳಗನ್ನು 125 ಡಿಗ್ರಿ ದಾಟಿಸಬಾರದು. ಕೋಣೆಯಲ್ಲಿ 25 ಡಿಗ್ರಿ ಇದ್ದರೆ ಒಂದೂವರೆ ವಾಟ್ ತಡೆದೀತು. 43 ಡಿಗ್ರಿಯ ಮಧ್ಯಾಹ್ನಕ್ಕೆ ಒಂದೂಕಾಲೇ. ಹಿಂದೆ 16, ಮುಂದೆ 12, ಅರ್ಧ ಆಂಪ್ ಎಂದರೆ ಎರಡು ವಾಟ್ ಆಗಿಹೋಯಿತು. ಜನವರಿಯಲ್ಲಿ ಕಟ್ಟಿ ಚೆನ್ನಾಗಿ ಓಡಿದ್ದು ಏಪ್ರಿಲಿನಲ್ಲಿ ಮುನಿಸಿಕೊಳ್ಳುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಹೀಟ್‌ಸಿಂಕ್ ಹಾಕಿ, ನಡುವೆ ಬಿಳಿ ಪೇಸ್ಟು ಬಳಿದು, ಪೆಟ್ಟಿಗೆಗೆ ಮೇಲೂ ಕೆಳಗೂ ತೂತು ಕೊರೆಯಿರಿ. ಐಸಿಯ ಎರಡೂ ಬದಿಗೆ, ಕಾಲಿನ ಬುಡದಲ್ಲೇ, ಹಿಂದೆ 0.33 ಮತ್ತು ಮುಂದೆ 0.1 ಮೈಕ್ರೊಫ್ಯಾರಡಿನ ಚಿಕ್ಕ ಕಂಡೆನ್ಸರುಗಳನ್ನು ಹಾಕುವುದನ್ನೂ ಮರೆಯಬೇಡಿ. ಇಲ್ಲದಿದ್ದರೆ ಕೆಲವು ಸಲ ಐಸಿ ತನ್ನಷ್ಟಕ್ಕೆ ಕಂಪಿಸುತ್ತ ಕಾರಣವಿಲ್ಲದೆ ಕಾಯುತ್ತದೆ.

ಹಳೆಯ ಕಾಲದ ರಿಪೇರಿಯವರು ಈಗಲೂ 2ಎನ್3055 ಎಂಬ ದೊಡ್ಡ ಲೋಹದ ಟ್ರಾನ್ಸಿಸ್ಟರಿನ ಮೇಲೆ ನಂಬಿಕೆ ಇಟ್ಟಿದ್ದಾರೆ. ಒಂದು ಝೀನರ್, ಒಂದು ರೆಸಿಸ್ಟರ್, ಒಂದು 3055, ಅಷ್ಟೇ ಸಪ್ಲೈ. ಅದು 15 ಆಂಪಿನ ಟ್ರಾನ್ಸಿಸ್ಟರ್ ನಿಜ. ಆದರೆ ಹೊರಗೆ ಹೆಚ್ಚು ಎಳೆದಷ್ಟೂ ಅದರ ಬೇಸ್ ಕಾಲಿಗೆ ಹೆಚ್ಚು ಉಣಿಸಬೇಕು, ಕರೆಂಟು ಏರಿದಂತೆ ಅದರ ಗಳಿಕೆಯೂ (ಗೇನ್) ಕುಗ್ಗುತ್ತದೆ. 4 ಆಂಪಿನಲ್ಲಿ ಅದು 20ಕ್ಕೂ ಇಳಿಯಬಹುದು. ಹಿಂದೆ 17 ವೋಲ್ಟ್ ಇದ್ದು 470 ಓಮಿನ ರೆಸಿಸ್ಟರ್ ಹಾಕಿದ್ದರೆ ಬೇಸ್ ಕಾಲಿಗೆ ಸಿಗುವುದು ಒಂಬತ್ತು-ಹತ್ತು ಮಿಲಿಆಂಪ್. ಗಳಿಕೆ 50 ಎಂದುಕೊಂಡರೂ ಅರ್ಧ ಆಂಪಿಗೇ ಝೀನರ್ ಕೈಚೆಲ್ಲಿ ವೋಲ್ಟೇಜು ಜಾರತೊಡಗುತ್ತದೆ. ರೆಸಿಸ್ಟರನ್ನು ಚಿಕ್ಕದು ಮಾಡಿದರೆ ಝೀನರ್ ಸುಡುತ್ತದೆ. ನಡುವೆ ಬಿಡಿ139 ಎಂಬ ಇನ್ನೊಂದು ಟ್ರಾನ್ಸಿಸ್ಟರ್ ಸೇರಿಸಿ 3055ಕ್ಕೆ ಅದರಿಂದ ಉಣಿಸುವುದು ಸರಿಯಾದ ದಾರಿ. ಎರಡು ಟ್ರಾನ್ಸಿಸ್ಟರಿನ ಸುಮಾರು 1.4 ವೋಲ್ಟ್ ಕಳೆಯುವುದರಿಂದ ಝೀನರನ್ನು 13ಕ್ಕೆ ಏರಿಸಿದರೆ ಹನ್ನೊಂದೂವರೆ ಸಿಕ್ಕುತ್ತದೆ. ಆಂಪ್ಲಿಫೈಯರಿಗೆ ಅಷ್ಟು ಸಾಕು.

ಪರೀಕ್ಷೆಗೆ ಲೋಡ್ ಏನು ಕೊಡುವುದು? ಅಸಲಿ ಆಂಪ್ಲಿಫೈಯರನ್ನೇ ಪ್ರಯೋಗಕ್ಕೆ ಒಡ್ಡುವುದು ಬೇಡ, ಅದರ ಕರೆಂಟು ಹಾಡಿನ ಜೊತೆ ಏರಿಳಿಯುತ್ತದೆ. ಯಾವ ಆಟೋಮೊಬೈಲ್ ಅಂಗಡಿಯಲ್ಲೂ ಸಿಗುವ ಬೈಕಿನ ಇಂಡಿಕೇಟರ್ ಬಲ್ಬು, 12 ವೋಲ್ಟ್ 10 ವಾಟಿನದು, ಇದಕ್ಕೆ ಹೇಳಿ ಮಾಡಿಸಿದಂತಿದೆ. ಅದು ಎಳೆಯುವುದು 0.83 ಆಂಪ್. 5 ವಾಟಿನದು 0.42. ತಣ್ಣಗಿರುವಾಗ ಬಲ್ಬಿನ ಎಳೆಯ ರೋಧ ತೀರ ಕಡಿಮೆ ಇರುವುದರಿಂದ ಹಚ್ಚಿದ ಕ್ಷಣಕ್ಕೆ ವೋಲ್ಟೇಜು ಕುಸಿದು ಏಳುತ್ತದೆ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ, ಬಲ್ಬು ಸ್ಥಿರವಾಗಿ ಉರಿಯತೊಡಗಿದ ಮೇಲೆ ಅಳೆಯಿರಿ. ಬಲ್ಬು ಉರಿಯುತ್ತಿರುವಾಗಲೇ ನಾಲ್ಕು ಜಾಗದ ಅಂಕಿ ಬರೆದುಕೊಳ್ಳಿ: ಗೋಡೆಯ ಸಾಕೆಟ್, ಟ್ರಾನ್ಸ್‌ಫಾರ್ಮರಿನ ಎಸಿ, ದೊಡ್ಡ ಕಂಡೆನ್ಸರಿನ ಡಿಸಿ ಮತ್ತು ಏರಿಳಿತ, ಕೊನೆಗೆ ಹೊರಬಾಯಿ. ನಾಲ್ಕೂ ಒಂದೇ ಹೊತ್ತಿನವಾಗಿರಬೇಕು. ಗೋಡೆಯ ಸಾಕೆಟ್ ಅಳೆಯುವಾಗ ಮೀಟರ್ ಎಸಿಯ ದೊಡ್ಡ ಅಂಕಿಯಲ್ಲಿದೆಯೇ, ತಂತಿಗಳ ಪ್ಲಾಸ್ಟಿಕ್ಕು ಹರಿದಿಲ್ಲವೇ ಎಂದು ನೋಡಿಕೊಂಡೇ ಕೈ ಇಡಬೇಕು. ಶಾಲೆಯ ಮಕ್ಕಳು ಈ ಒಂದು ಅಳತೆಯನ್ನು ಮೇಷ್ಟ್ರ ಕೈಯಲ್ಲೇ ಮಾಡಿಸಲಿ. ಟ್ರಾನ್ಸ್‌ಫಾರ್ಮರಿನ 230ರ ಕಡೆಯ ಬೆಸುಗೆಗಳಿಗೆ ಸ್ಲೀವ್ ಹಾಕದೆ, ಫ್ಯೂಸ್ ಕೂರಿಸದೆ ಯಾರೂ ಪ್ಲಗ್ ಚುಚ್ಚಬಾರದು.

ಹೊಸದಾಗಿ ಕಟ್ಟುವವರು 12ರ ಬದಲು 15 ವೋಲ್ಟಿನ, 2 ಆಂಪಿನ ಟ್ರಾನ್ಸ್‌ಫಾರ್ಮರಿನಿಂದ ಶುರುಮಾಡಲಿ. ಗೋಡೆಯಲ್ಲಿ 190ಕ್ಕೆ ಇಳಿದರೂ ಅದು 12.4 ಕೊಡುತ್ತದೆ, ಶಿಖರ ಹದಿನೇಳೂವರೆ, ಡಯೋಡು ಕಳೆದರೆ 16. ಬೇಕಾದದ್ದು 14, ಏರಿಳಿತಕ್ಕೆ ಎರಡು ವೋಲ್ಟ್ ಉಳಿಯಿತು. 4700 ಎಂಎಫ್‌ಡಿ ಹಾಕಿ ಮುಕ್ಕಾಲು ಆಂಪ್ ನೆಮ್ಮದಿಯಿಂದ ಎಳೆಯಬಹುದು. ಆದರೆ ನಡುರಾತ್ರಿ ಊರೆಲ್ಲ ಮಲಗಿ, ಪಂಪುಗಳು ನಿಂತು, ಗೋಡೆಯಲ್ಲಿ 250 ಬಂದಾಗ ಖಾಲಿ ನಿಂತ ಇದೇ ಸಪ್ಲೈಯ ಕಂಡೆನ್ಸರಿನ ಮೇಲೆ 26 ವೋಲ್ಟ್ ಏರುತ್ತದೆ. ಆದ್ದರಿಂದ 25 ವೋಲ್ಟಿನ ಕಂಡೆನ್ಸರ್ ಸಲ್ಲದು, 50ರದ್ದೇ ಇರಲಿ. ಆ ಹೊತ್ತಿನಲ್ಲಿ ಮುಕ್ಕಾಲು ಆಂಪ್ ಎಳೆದರೆ ಐಸಿ ಸುಡಬೇಕಾದದ್ದು ಆರು ವಾಟಿನ ಮೇಲೆ. ಹೆಬ್ಬೆರಳಿನಷ್ಟು ಹೀಟ್‌ಸಿಂಕ್ ಸಾಲದು, ಅಂಗೈ ಅಗಲದ್ದು ಬೇಕು. ಇಷ್ಟೊಂದು ಬಿಸಿ ಬೇಡ ಎನ್ನುವವರಿಗೆ ಎಲ್‌ಎಂ2940 ಎಂಬ ಐಸಿ ಇದೆ. ಅದರ ಸ್ವಂತ ಖರ್ಚು ಒಂದು ಆಂಪಿಗೆ ಅರ್ಧ ವೋಲ್ಟ್ ಮಾತ್ರವಾದ್ದರಿಂದ ಟ್ರಾನ್ಸ್‌ಫಾರ್ಮರಿನ ವೋಲ್ಟೇಜನ್ನು ಅಷ್ಟು ಏರಿಸಬೇಕಿಲ್ಲ. ಬಾಯಿಯ ಹತ್ತಿರ ಕನಿಷ್ಠ 22 ಎಂಎಫ್‌ಡಿ ಹಾಕದಿದ್ದರೆ ಅದು ಸ್ಥಿರವಾಗಿ ನಿಲ್ಲುವುದಿಲ್ಲ ಎಂಬುದನ್ನು ನೆನಪಿಡಬೇಕು.

ಇಷ್ಟೆಲ್ಲ ಯಾಕೆ, ಅಗ್ಗದ ಎಸ್‌ಎಂಪಿಎಸ್ ಅಡಾಪ್ಟರ್ ತಂದರಾಯಿತಲ್ಲ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಮೊಬೈಲ್ ಚಾರ್ಜರಿನ ಹಿಂದೆ 100-240 ವೋಲ್ಟ್ ಎಂದು ಬರೆದಿರುತ್ತದೆ. ಕರೆಂಟು ಡಿಮ್ಮಾದರೂ ಅದು ಅಳುಕುವುದಿಲ್ಲ. ಎಲ್‌ಇಡಿ ಪಟ್ಟಿ ಉರಿಸಲು, ವೈಫೈ ಪೆಟ್ಟಿಗೆ ನಡೆಸಲು ಅದೇ ಒಳ್ಳೆಯದು, ನಾನೂ ಅದನ್ನೇ ಕೊಳ್ಳಿ ಎನ್ನುತ್ತೇನೆ. ಆದರೆ ಮೀಡಿಯಂ ವೇವಿನಲ್ಲಿ ಕಲಬುರಗಿ ಆಕಾಶವಾಣಿ ಹಿಡಿಯುವ ರೇಡಿಯೊಗೆ ಅಗ್ಗದ ಎಸ್‌ಎಂಪಿಎಸ್ ಹಚ್ಚಿ ನೋಡಿ, ನಿಲಯವೇ ಗರಗರ ಸದ್ದಿನಲ್ಲಿ ಮುಳುಗಿಹೋಗುತ್ತದೆ. ಅಲ್ಲಿ ಲೀನಿಯರ್ ಸಪ್ಲೈಗೆ ಸಮನಾದದ್ದಿಲ್ಲ. ಇನ್ನೊಂದು ಕಾರಣ ನನಗೆ ಅದಕ್ಕಿಂತ ಮುಖ್ಯ. ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡ್, ಒಂದು ಕಂಡೆನ್ಸರ್, ಒಂದು ಐಸಿ ಇಷ್ಟರಲ್ಲಿ ಓಮನ ನಿಯಮವನ್ನು ಕಣ್ಣಾರೆ ಅಳೆದು ನೋಡಿದ ವಿದ್ಯಾರ್ಥಿಗೆ ಬೀದಿಯ ಕಂಬದ ಲೈನೂ ಅರ್ಥವಾಗುತ್ತದೆ.

ಆ ಲೈನಿನ ಬಗ್ಗೆಯೂ ಏನಾದರೂ ಮಾಡಬಹುದು. ಗೋಡೆಯ ವೋಲ್ಟೇಜನ್ನು ಒಂದು ವಾರ ಬೆಳಿಗ್ಗೆ, ಸಂಜೆ, ರಾತ್ರಿ ಅಳೆದು ತಾರೀಖು ಸಮೇತ ಬರೆದು, ಊರಿನ ವಿದ್ಯುತ್ ಕಂಪನಿಯ (ಜೆಸ್ಕಾಂ) ಶಾಖಾಧಿಕಾರಿಗೆ ಅರ್ಜಿಯ ಜೊತೆ ಕೊಡಿ. ಮೂರು ಫೇಸಿನಲ್ಲಿ ಒಂದರ ಮೇಲೆಯೇ ಮನೆಗಳೆಲ್ಲ ನೇತುಬಿದ್ದಿದ್ದರೆ ಹಂಚಿ ಜೋಡಿಸಲು, ಟಿ.ಸಿ. ತೀರ ದೂರವಿದ್ದರೆ ಹೊಸದೊಂದನ್ನು ಕೇಳಲು ಆ ಅಂಕಿಗಳು ಆಧಾರವಾಗುತ್ತವೆ. ಒಂದು ಲಕ್ಷಣ ಕಂಡರೆ ಮಾತ್ರ ವಾರದವರೆಗೆ ಕಾಯಬೇಡಿ. ನಿಮ್ಮ ಮನೆಯಲ್ಲಿ ದೀಪ ಡಿಮ್ಮಾದ ಹೊತ್ತಿಗೇ ಬೇರೆ ಫೇಸಿನಲ್ಲಿರುವ ಪಕ್ಕದ ಮನೆಯಲ್ಲಿ ದೀಪ ಎಂದಿಗಿಂತ ಪ್ರಖರವಾಗಿ ಉರಿದರೆ ಕಂಬದಲ್ಲೋ ಟಿ.ಸಿ.ಯಲ್ಲೋ ನ್ಯೂಟ್ರಲ್ ಸಡಿಲವಾಗಿದೆ ಎಂದರ್ಥ. ನ್ಯೂಟ್ರಲ್ ಪೂರ್ತಿ ಬಿಟ್ಟುಹೋದರೆ ಯಾವುದೋ ಒಂದು ಮನೆಗೆ 300ಕ್ಕೂ ಮೇಲೆ ನುಗ್ಗಬಹುದು. ಕೂಡಲೇ ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ, ಲೈನ್‌ಮನ್ ಬಂದು ಸರಿಮಾಡುವ ತನಕ ಟಿವಿ, ಫ್ರಿಜ್ಜು, ನೀವು ಕಟ್ಟಿದ ಸಪ್ಲೈ ಎಲ್ಲದರ ಪ್ಲಗ್ಗನ್ನೂ ಕಿತ್ತಿಡಿ.